ಹೊಲಿಗೆ ಸಾಲಿಗೇ ಬರಲಿ ಫಿಸಿಯೋಥೆರಪಿ

ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅಕ್ಕತಂಗಿಯರೇ, ಕತ್ತು ಹಿಡಿದ ದಿನವೂ ಮುಲಾಮು ಸವರಿಕೊಂಡು, ಮಾತ್ರೆ ನುಂಗಿ ಮತ್ತೆ ಮಷೀನಿಗೆ ಕೂರುತ್ತೀರಲ್ಲ, ಕಂಡರೆ ಸಂಕಟವಾಗುತ್ತದೆ. ಒರಗಲು ಆಸರೆಯಿಲ್ಲದ ಸ್ಟೂಲು, ಸೂಜಿಯತ್ತ ಬಗ್ಗಿದ ತಲೆ, ಬೆಳಗಿಂದ ಸಂಜೆವರೆಗೆ ಕೈಗೆ ಅದೇ ಕೆಲಸ. ಸ್ನಾಯುಗಳಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗದು.

ಅದಕ್ಕೇ ಫಿಸಿಯೋಥೆರಪಿಸ್ಟ್ ನೀವು ಕೂರುವ ಜಾಗಕ್ಕೇ ಬರಬೇಕು. ಆಸ್ಪತ್ರೆಯಲ್ಲಿ ಮಲಗಿಸಿ ನೋಡಿದರೆ ಪೆಡಲ್ ದೂರವಿರುವುದು, ಬಟ್ಟೆ ಕಟ್ಟು ಎತ್ತುವಾಗ ನೀವು ಸೊಂಟ ತಿರುಚುವುದು ಅವರಿಗೆ ಕಾಣುವುದಿಲ್ಲ. ಸಾಲಿನಲ್ಲಿ ನಿಂತು ನೋಡಿದವರು ಸ್ಟೂಲಿನ ಎತ್ತರ ಸರಿಪಡಿಸುತ್ತಾರೆ, ಕಟ್ಟನ್ನು ಕೈಗೆಟಕುವಲ್ಲಿ ಇಡಿಸುತ್ತಾರೆ, ಕುಳಿತಲ್ಲೇ ಭುಜ ತಿರುಗಿಸುವುದನ್ನು, ಗದ್ದ ಹಿಂದಕ್ಕೆಳೆಯುವುದನ್ನು ಕಲಿಸುತ್ತಾರೆ. ನೋವು ಇನ್ನೂ ಹೊಸದಾಗಿರುವಾಗಲೇ ಚಿಕಿತ್ಸೆಯೂ ಅಲ್ಲೇ ಶುರುವಾಗುತ್ತದೆ.

500ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಆಂಬ್ಯುಲೆನ್ಸ್ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಆ ಕೊಠಡಿಗೂ ನಿಮ್ಮ ಸಾಲಿಗೂ ಬರಲಿ ಎಂದು ಒಟ್ಟಾಗಿ ಕೇಳಿ. ಮಾಲೀಕರೇ, ದಯವಿಟ್ಟು ಇದನ್ನು ದಂಡದ ಖರ್ಚೆಂದು ತಳ್ಳಬೇಡಿ.

ಬೆರಳು ಜುಮ್ಮೆಂದರೆ, ಕೈಯಿಂದ ಕತ್ತರಿ ಜಾರುತ್ತಿದ್ದರೆ, ನೋವಿಗೆ ರಾತ್ರಿ ಎಚ್ಚರವಾಗುತ್ತಿದ್ದರೆ ಮಾತ್ರ ವ್ಯಾಯಾಮ ಮಾಡುತ್ತಾ ಕೂರಬೇಡಿ, ಇಎಸ್‌ಐ ಆಸ್ಪತ್ರೆಯ ವೈದ್ಯರಿಗೆ ತೋರಿಸಿ.