ಪೇಟೆ ಬ್ರೆಡ್ಡು ಕೆಡದಿರುವುದೇಕೆ? ಉಳಿದದ್ದನ್ನು ಹಸುವಿಗೆ ಹಾಕಬಹುದೇ?



ಮಾಸ್ತಿ ಹೋಬಳಿಯ ಸಂಘಗಳಿಗೆ ಭೇಟಿ ಕೊಟ್ಟಾಗ ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಪೇಟೆಯಿಂದ ಬರುವ ಬ್ರೆಡ್ಡು ನಾಲ್ಕೈದು ದಿನವಾದರೂ ಕೆಡುವುದಿಲ್ಲ, ಅದಕ್ಕೆ ಏನೋ ವಿಷ ಬೆರೆಸಿರುತ್ತಾರಂತೆ, ಅಂಥದ್ದನ್ನು ರಾಸುಗಳಿಗೆ ಹಾಕಿದರೆ ಏನಾದರೂ ಆಗುತ್ತದೆಯೇ ಎಂದು. ಪ್ರಶ್ನೆಗೆ ಕಾರಣವೂ ಉಂಟು. ಬೆಂಗಳೂರು, ಹೊಸೂರು ನಮಗೆ ದೂರವಲ್ಲ. ಮಾರಾಟವಾಗದೆ ಉಳಿದ ಬ್ರೆಡ್ಡು, ಬನ್ನು, ರಸ್ಕು ಮೂಟೆಯ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುವಾಗ, ಹಿಂಡಿ ಬೂಸದ ಬೆಲೆ ನೋಡಿ ಬೇಸತ್ತವರ ಕೈ ಅತ್ತ ಹೋಗುವುದು ಸಹಜ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬ್ರೆಡ್ಡು ಕೆಡದಿರಲೆಂದು ಹಾಕುವ ವಸ್ತುವಿನಿಂದ ಹಸುವಿಗೆ ಕೇಡಿಲ್ಲ. ಕೇಡು ಇರುವುದು ಬ್ರೆಡ್ಡಿನ ಹಿಟ್ಟಿನಲ್ಲಿ, ಮತ್ತು ಆ ವಸ್ತುವಿನ ಬಲ ಮುಗಿದ ಮೇಲೆ ಹುಟ್ಟುವ ಬೂಷ್ಟಿನಲ್ಲಿ. ನಮ್ಮ ಜನ ಹೆದರಬೇಕಾದ ಕಡೆ ಹೆದರದೆ, ಹೆದರಬೇಕಿಲ್ಲದ ಕಡೆ ಹೆದರುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಬ್ರೆಡ್ಡು ಕೆಡುವ ಬಗೆ

ಕರ್ನಾಟಕದಲ್ಲಿ ಬ್ರೆಡ್ಡಿನ ಕಥೆ ಹಳೆಯದು. ಎಚ್.ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ಆರಂಭಿಸಿದ್ದು 1898ರಲ್ಲಿ. ಆಮೇಲೆ ಊರೂರಿಗೂ ಬಂದ ಅಯ್ಯಂಗಾರ್ ಬೇಕರಿಗಳ ಬ್ರೆಡ್ಡನ್ನು ಬೆಳಿಗ್ಗೆ ಸುಟ್ಟು ಅಂದೋ ಮರುದಿನವೋ ಮಾರಿ ಮುಗಿಸುವುದು ವಾಡಿಕೆ. ಮಾಡುವವರೂ ತಿನ್ನುವವರೂ ಒಂದೇ ಬೀದಿಯಲ್ಲಿದ್ದಾಗ ಹೆಚ್ಚು ದಿನ ಇಡುವ ಅಗತ್ಯ ಬೀಳುವುದಿಲ್ಲ. ಕೇಂದ್ರ ಸರ್ಕಾರ 1965ರಲ್ಲಿ ಮಾಡರ್ನ್ ಬೇಕರೀಸ್ ಸಂಸ್ಥೆಯನ್ನು ಸ್ಥಾಪಿಸಿದ ನಂತರ ಕಾರ್ಖಾನೆಯಲ್ಲಿ ಮಾಡಿ, ಹೋಳು ಕತ್ತರಿಸಿ, ಕಾಗದ ಸುತ್ತಿ, ವ್ಯಾನಿನಲ್ಲಿ ದೂರದ ಅಂಗಡಿಗಳಿಗೆ ಕಳುಹಿಸುವ ಪದ್ಧತಿ ದೇಶದಲ್ಲಿ ಹರಡಿತು. ಸರ್ಕಾರ ಆ ಸಂಸ್ಥೆಯನ್ನು 2000ದಲ್ಲಿ ಖಾಸಗಿಯವರಿಗೆ ಮಾರಿತು. ಪದ್ಧತಿ ಮಾತ್ರ ಉಳಿಯಿತು. ದಾರಿ ದೂರವಾದಷ್ಟೂ ಕೆಡದಂತೆ ಇಡುವ ಉಪಾಯ ಬೇಕಾಗುತ್ತದೆ.

ಒಲೆಯಿಂದ ಈಚೆಗೆ ಬಂದ ಬ್ರೆಡ್ಡಿನಲ್ಲಿ ಬೂಷ್ಟಿನ ಬೀಜಕಣ ಇರುವುದಿಲ್ಲ, ಬಿಸಿಗೆ ಸತ್ತಿರುತ್ತದೆ. ಬೂಷ್ಟು ಬರುವುದು ಆಮೇಲೆ: ಆರಲು ಇಟ್ಟ ಜಾಗದ ಗಾಳಿಯಿಂದ, ಹೋಳು ಕತ್ತರಿಸುವ ಚಾಕುವಿನಿಂದ, ಕೈಯಿಂದ. ಸರಿಯಾಗಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಒಳಗೆ ಬೆವರು ಕೂತು ಇನ್ನೂ ಬೇಗ ಬರುತ್ತದೆ. ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ಇದೆ, ಅದರ ಬೀಜಕಣ ಒಲೆಯ ಬಿಸಿಯನ್ನೂ ತಾಳುತ್ತದೆ. ಸೆಕೆಗಾಲದಲ್ಲಿ ಬ್ರೆಡ್ಡು ಮುರಿದಾಗ ಒಳಗೆ ಅಂಟಂಟಾಗಿ ದಾರದಂತೆ ಎಳೆ ಬಂದು, ಕೊಳೆತ ಹಣ್ಣಿನ ವಾಸನೆ ಬಂದರೆ ಅದು ಈ ಬ್ಯಾಕ್ಟೀರಿಯಾದ ಕೆಲಸ.

ಬ್ರೆಡ್ಡು ಗಟ್ಟಿಯಾಗುವುದು ಬೇರೆ ವಿಷಯ. ರಾತ್ರಿ ಉಳಿದ ಮುದ್ದೆ ಬೆಳಿಗ್ಗೆ ಗಟ್ಟಿಯಾಗುವುದಿಲ್ಲವೇ, ಹಾಗೆಯೇ ಬ್ರೆಡ್ಡಿನ ಪಿಷ್ಟವೂ ಬಿಗಿಯುತ್ತದೆ. ಅದು ಕೆಟ್ಟದ್ದಲ್ಲ, ಹಳತಾದದ್ದು ಅಷ್ಟೆ. ಫ್ರಿಡ್ಜಿನಲ್ಲಿಟ್ಟರೆ ಬೂಷ್ಟು ತಡವಾಗುತ್ತದೆ, ಆದರೆ ಗಟ್ಟಿಯಾಗುವುದು ಬೇಗ.

ಪ್ರೊಪಿಯೊನೇಟ್ ಎಂಬ ಉಪ್ಪು

ಬ್ರೆಡ್ಡಿನ ಚೀಲದ ಮೇಲೆ ಸಣ್ಣ ಅಕ್ಷರದಲ್ಲಿ ಸಂರಕ್ಷಕ 282 ಎಂದು ಬರೆದಿದ್ದರೆ ಅದು ಕ್ಯಾಲ್ಸಿಯಂ ಪ್ರೊಪಿಯೊನೇಟ್, ಅಂದರೆ ಪ್ರೊಪಿಯೊನಿಕ್ ಆಮ್ಲ ಮತ್ತು ಸುಣ್ಣದ ಅಂಶ ಸೇರಿದ ಉಪ್ಪು. ಸಾಮಾನ್ಯವಾಗಿ 100 ಕಿಲೋ ಮೈದಾಕ್ಕೆ 200ರಿಂದ 400 ಗ್ರಾಂ ಹಾಕುತ್ತಾರೆ. ಇದು ಬೂಷ್ಟಿನ ಜೀವಕೋಶದೊಳಕ್ಕೆ ಹೊಕ್ಕು ಅದರ ಬೆಳವಣಿಗೆಯನ್ನು ತಡೆಯುತ್ತದೆ, ದಾರ ಎಳೆಯುವ ಬ್ಯಾಕ್ಟೀರಿಯಾವನ್ನೂ ಹಿಡಿದಿಡುತ್ತದೆ, ಹಿಟ್ಟು ಉಬ್ಬಿಸುವ ಈಸ್ಟಿಗೆ ಮಾತ್ರ ಅಷ್ಟಾಗಿ ಅಡ್ಡಬರುವುದಿಲ್ಲ. ಆದ್ದರಿಂದಲೇ ಬೇಕರಿಯವರಿಗೆ ಇದು ಅಚ್ಚುಮೆಚ್ಚು. ಬೂಷ್ಟನ್ನು ಇದು ಪೂರ್ತಿ ಕೊಲ್ಲುವುದಿಲ್ಲ, ಕೆಲವು ದಿನ ತಡೆಯುತ್ತದೆ ಎಂಬುದನ್ನು ನೆನಪಿಡಬೇಕು.

ಈಗ ನಮ್ಮ ಕೊಟ್ಟಿಗೆಗೆ ಬರೋಣ. ಇದೇ ಪ್ರೊಪಿಯೊನಿಕ್ ಆಮ್ಲವನ್ನು ನಿಮ್ಮ ಹಸು ದಿನವೂ ತನ್ನ ಹೊಟ್ಟೆಯಲ್ಲಿ ತಾನೇ ತಯಾರಿಸುತ್ತದೆ. ಮೆಲುಕು ಹಾಕುವ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸಿದಾಗ ಮುಖ್ಯವಾಗಿ ಮೂರು ಆಮ್ಲಗಳು ಹುಟ್ಟುತ್ತವೆ: ಅಸಿಟಿಕ್, ಪ್ರೊಪಿಯೊನಿಕ್, ಬ್ಯುಟಿರಿಕ್. ಅಸಿಟಿಕ್ ಆಮ್ಲದಿಂದ ಹಾಲಿನ ಜಿಡ್ಡು. ಪ್ರೊಪಿಯೊನಿಕ್ ಆಮ್ಲ ಈಲಿಯಲ್ಲಿ ಸಕ್ಕರೆಯಾಗಿ, ಅದರಿಂದ ಹಾಲಿನ ಸಕ್ಕರೆ. ಒಂದು ಸೀಮೆ ಹಸುವಿನ ಹೊಟ್ಟೆಯಲ್ಲಿ ದಿನಕ್ಕೆ ಹಲವು ನೂರು ಗ್ರಾಂ ಪ್ರೊಪಿಯೊನಿಕ್ ಆಮ್ಲ ಹುಟ್ಟುತ್ತದೆ. 400 ಗ್ರಾಮಿನ ಒಂದು ಬ್ರೆಡ್ಡಿನಲ್ಲಿ ಇರುವ ಸಂರಕ್ಷಕ ಹೆಚ್ಚು ಕಡಿಮೆ ಮುಕ್ಕಾಲು ಗ್ರಾಂ. ಇಷ್ಟೇ ಅಲ್ಲ, ಕರು ಹಾಕಿದ ಮೇಲೆ ಕೀಟೋಸಿಸ್ ಬಂದು ಸೊರಗಿದ ಹಸುವಿಗೆ ನಾವು ಪ್ರೊಪಿಯೊನೇಟನ್ನು ಔಷಧಿಯಾಗಿಯೇ ಕುಡಿಸುವುದುಂಟು.

ಬ್ರೆಡ್ಡಿನ ಬಗ್ಗೆ 2016ರಲ್ಲಿ ಎದ್ದ ಗದ್ದಲ ಬೇರೆಯದು, ಎರಡನ್ನೂ ಕಲಸಬಾರದು. ಆಗ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪರೀಕ್ಷಿಸಿದ 38 ಬ್ರೆಡ್ಡು, ಬನ್ನು ಮುಂತಾದ ಮಾದರಿಗಳಲ್ಲಿ 32ರಲ್ಲಿ ಪೊಟ್ಯಾಸಿಯಂ ಬ್ರೊಮೇಟ್ ಅಥವಾ ಅಯೊಡೇಟ್ ಕಂಡುಬಂತು. ಬ್ರೊಮೇಟ್ ಹಾಕುವುದು ಕೆಡದಿರಲೆಂದಲ್ಲ, ಹಿಟ್ಟು ಚೆನ್ನಾಗಿ ಉಬ್ಬಲೆಂದು. ಅದು ಕ್ಯಾನ್ಸರ್ ತರಬಹುದೆಂಬ ಶಂಕೆ ಇರುವುದರಿಂದ ಅದೇ ವರ್ಷ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಷೇಧಿಸಿತು.

ಹಾಗಾದರೆ ಹಾಲಿಗೇಕೆ ಬೇಡ?

ಬ್ರೆಡ್ಡಿಗೆ ಹಾಕಬಹುದಾದರೆ, ಸಂಜೆ ಹಾಲು ಒಡೆಯದಂತೆ ಹಾಲಿಗೂ ಒಂದು ಹನಿ ಏನಾದರೂ ಹಾಕಿದರೇನು ಎಂದು ಒಬ್ಬ ಯುವಕ ಸದಸ್ಯರು ಕೇಳಿದರು. ಕೇಳಿದ್ದು ಒಳ್ಳೆಯದೇ ಆಯಿತು. ಕಾನೂನಿನ ಪ್ರಕಾರ ಹಾಲಿಗೆ ಯಾವ ಸಂರಕ್ಷಕವನ್ನೂ ಸೇರಿಸುವಂತಿಲ್ಲ. 1954ರ ಕಲಬೆರಕೆ ತಡೆ ಕಾಯಿದೆಯ ಕಾಲದಲ್ಲೂ ಹೀಗೆಯೇ ಇತ್ತು, ಈಗಿನ 2006ರ ಕಾಯಿದೆಯಲ್ಲೂ ಹೀಗೆಯೇ ಇದೆ. ಪ್ರಯೋಗಾಲಯಕ್ಕೆ ಹೋಗುವ ಹಾಲಿನ ಮಾದರಿಗೆ ಫಾರ್ಮಲಿನ್ ಹಾಕುತ್ತಾರೆ ನಿಜ. ಆ ಮಾದರಿಯನ್ನು ಯಾರೂ ಕುಡಿಯುವುದಿಲ್ಲ. ಹಾಲಿಗೆ ಇರುವ ಸಂರಕ್ಷಕ ಶುಚಿಯಾದ ಕೆಚ್ಚಲು, ತೊಳೆದ ಪಾತ್ರೆ, ಮತ್ತು 4 ಡಿಗ್ರಿಗೆ ಇಳಿಸುವ ತಂಪು. ತಿಂಗಳುಗಟ್ಟಲೆ ಇರುವ ನಂದಿನಿ ಗುಡ್‌ಲೈಫ್ ಹಾಲಿಗೂ ಏನನ್ನೂ ಬೆರೆಸಿರುವುದಿಲ್ಲ. ಕೆಲವೇ ಸೆಕೆಂಡು ಅತಿ ಹೆಚ್ಚು ಶಾಖಕ್ಕೆ ಕಾಯಿಸಿ, ಗಾಳಿ ಬೆಳಕು ಸೋಕದಂತೆ ತುಂಬಿರುತ್ತಾರೆ. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲನ್ನು ಚೀಟಿಯಲ್ಲಿ ಬರೆದಷ್ಟು ದಿನ ಡೈರಿಗೆ ಹಾಕಬೇಡಿ ಎಂದು ನಾವು ಗೋಗರೆಯುವುದೂ ಇದೇ ಕಾರಣಕ್ಕೆ. ಆ ಆ್ಯಂಟಿಬಯೋಟಿಕ್ ಹಾಲಿನಲ್ಲಿ ಸಂರಕ್ಷಕದಂತೆಯೇ ಕೆಲಸ ಮಾಡಿ ಮೊಸರು ಹೆಪ್ಪಾಗಲೂ ಬಿಡುವುದಿಲ್ಲ.

ಹೊಟ್ಟೆ ಹುಳಿಯಾಗುವುದು

ಮದುವೆ ಮನೆಯ ಹಿಂದೆ ಸುರಿದ ಅನ್ನವನ್ನು ಹೊಟ್ಟೆ ತುಂಬ ತಿಂದ ಹಸು ಮರುದಿನ ಮಲಗಿದಲ್ಲಿಂದ ಏಳದಿದ್ದುದನ್ನು ನೀವು ಕಂಡಿರುತ್ತೀರಿ, ಇಲ್ಲವೇ ಕೇಳಿರುತ್ತೀರಿ. ಬ್ರೆಡ್ಡೂ ಅನ್ನದ ಅಣ್ಣನೇ. ಮೈದಾದಲ್ಲಿ ತೌಡಿಲ್ಲ, ನಾರಿಲ್ಲ. ಇರುವುದೆಲ್ಲ ಹೆಚ್ಚಾಗಿ ಪಿಷ್ಟ, ಅದೂ ಬೆಂದ ಪಿಷ್ಟ. ದೊಡ್ಡ ಹೊಟ್ಟೆಗೆ ಬಿದ್ದ ಕೂಡಲೇ ಭರದಿಂದ ಹುದುಗುತ್ತದೆ. ರಾಗಿ ಹುಲ್ಲನ್ನು ಅರಗಿಸುವ ಸೂಕ್ಷ್ಮಜೀವಿಗಳು ಹಿಂದೆ ಬಿದ್ದು, ಲ್ಯಾಕ್ಟಿಕ್ ಆಮ್ಲ ಮಾಡುವ ಜೀವಿಗಳು ಮೇಲುಗೈ ಪಡೆಯುತ್ತವೆ. ಹೊಟ್ಟೆ ಮೊಸರಿಗಿಂತ ಹುಳಿಯಾಗಿ, ಮೈಯಲ್ಲಿನ ನೀರನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ.

ಲಕ್ಷಣಗಳು ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಕಾಣುತ್ತವೆ. ಮೊದಲು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಎಡ ಪಕ್ಕೆ ತುಂಬಿಕೊಂಡಿದ್ದು, ಗುದ್ದಿದರೆ ಒಳಗೆ ನೀರು ಕುಲುಕಿದಂತೆ ಆಗುತ್ತದೆ. ಸಗಣಿ ತೆಳ್ಳಗೆ, ಬೂದು ಬಣ್ಣ, ಹುಳಿ ವಾಸನೆ. ಕಣ್ಣು ಗುಳಿ ಬೀಳುತ್ತದೆ, ನಡೆದರೆ ತೂರಾಡುತ್ತದೆ. ಬದುಕುಳಿದರೂ ತಿಂಗಳೊಪ್ಪತ್ತಿನ ಮೇಲೆ ಗೊರಸು ನೋವು ಬಂದು ಕುಂಟುವುದುಂಟು. ಕುರಿ ಮೇಕೆಗಳಿಗೆ ಇಷ್ಟು ಕಾಯುವ ಶಕ್ತಿಯೂ ಇರುವುದಿಲ್ಲ.

ಇಷ್ಟು ದೂರ ಹೋಗದಿದ್ದರೂ ನಷ್ಟ ತಪ್ಪದು. ನಾರು ಕಡಿಮೆಯಾದರೆ ಅಸಿಟಿಕ್ ಆಮ್ಲ ಕಡಿಮೆ, ಅದು ಕಡಿಮೆಯಾದರೆ ಜಿಡ್ಡು ಕಡಿಮೆ. ಮೂಟೆ ಬ್ರೆಡ್ಡಿನಲ್ಲಿ ಉಳಿಸಿದ ಹಣವನ್ನು ಸಂಘದಲ್ಲಿ ಫ್ಯಾಟು ನೋಡುವಾಗ ಕಳೆದುಕೊಳ್ಳುತ್ತೀರಿ. ಹಾಲು ಲೆಕ್ಕಕ್ಕೆ ಹೆಚ್ಚಾಯಿತಲ್ಲ ಎಂದು ಹಿಗ್ಗುವವರು ಚೀಟಿಯ ಇನ್ನೊಂದು ಅಂಕಣವನ್ನೂ ನೋಡಬೇಕು.

ಬೂಷ್ಟಿಲ್ಲದ ಒಳ್ಳೆಯ ಬ್ರೆಡ್ಡು ಸಿಕ್ಕರೆ ಪೂರ್ತಿ ಬೇಡವೆನ್ನಲಾರೆ. ದೊಡ್ಡ ಸೀಮೆ ಹಸುವೊಂದಕ್ಕೆ ಮೊದಲ ವಾರ ದಿನಕ್ಕೆ ಅರ್ಧ ಕಿಲೋ ಕೊಟ್ಟು, ಎರಡು ಮೂರು ವಾರದಲ್ಲಿ ನಿಧಾನವಾಗಿ ಏರಿಸಿ, ಒಂದೂವರೆ ಕಿಲೋ ದಾಟದಂತೆ ನಿಲ್ಲಿಸಿ. ಅದನ್ನು ಎರಡು ಹೊತ್ತಿಗೆ ಹಂಚಿ. ಮೊದಲು ಹುಲ್ಲು, ಆಮೇಲೆ ಬ್ರೆಡ್ಡು. ಪಶು ಆಹಾರದಲ್ಲಿ ಅದಕ್ಕೆ ತಕ್ಕಷ್ಟು ಕಡಿಮೆ ಮಾಡಬೇಕು, ಮೇಲೆ ಸೇರಿಸುವುದಲ್ಲ. ಖನಿಜ ಮಿಶ್ರಣ ತಪ್ಪಿಸಬಾರದು. ಸಣ್ಣ ಕರುಗಳಿಗೆ, ಕರು ಹಾಕುವ ದಿನ ಹತ್ತಿರವಾದ ಹಸುವಿಗೆ ಬೇಡ. ಪ್ಲಾಸ್ಟಿಕ್ ಚೀಲ, ಕಟ್ಟಿದ ತಂತಿ, ಪಿನ್ನು ಎಲ್ಲವನ್ನೂ ಬೆಳಕಿನಲ್ಲಿ ಕೂತು ತೆಗೆಯಬೇಕು. ಸಂಜೆ ಕತ್ತಲಲ್ಲಿ ಮೂಟೆ ಸುರಿದು ಒಳಗೆ ಹೋಗುವವರಿಗೆ ನಾನು ಬ್ರೆಡ್ಡು ಹಾಕಿ ಎಂದು ಹೇಳುವುದಿಲ್ಲ. ಹೊಟ್ಟೆಗೆ ಹೋದ ತಂತಿ ಗುಂಡಿಗೆಗೆ ಚುಚ್ಚಿದರೆ ಮಾಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ.

ಬೂಷ್ಟು ಹಿಡಿದ ಬ್ರೆಡ್ಡು

ಚೀಲದ ಮೇಲಿನ ದಿನಾಂಕ ಮುಚ್ಚಿದ ಚೀಲಕ್ಕೆ, ನೆರಳಿನ ಅಂಗಡಿಗೆ ಬರೆದದ್ದು. ಒಡೆದ ಚೀಲಗಳು ಗೋಣಿಯಲ್ಲಿ ತುಂಬಿ, ಮಳೆಯಲ್ಲಿ ನೆನೆದು, ಲಾರಿಯಲ್ಲಿ ಬೆವರಿ ಬಂದ ಮೇಲೆ ಆ ದಿನಾಂಕಕ್ಕೆ ಅರ್ಥವಿಲ್ಲ. ಹಸಿರು, ನೀಲಿ, ಹಳದಿ ಮಿಶ್ರಿತ, ಕಪ್ಪು ಚುಕ್ಕೆ, ಯಾವ ಬಣ್ಣದ ಬೂಷ್ಟಾದರೂ ಆ ಬ್ರೆಡ್ಡು ಬೇಡ. ಮೇಲಿನದನ್ನು ಚಿವುಟಿ ಎಸೆದರೆ ಸಾಲದು, ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಕ್ಕೂ ಇಳಿದಿರುತ್ತವೆ. ಬಿಸಿಲಿಗೆ ಒಣಗಿಸಿ ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಬಣ್ಣ ಮಾತ್ರ ಹೋಗುತ್ತದೆ, ಆಗ ಗುರುತಿಸುವುದು ಇನ್ನೂ ಕಷ್ಟ. ಪುಡಿಯಾಗಿ ಮಾರುವ ಬ್ರೆಡ್ಡನ್ನು ನಾನಾದರೆ ಕೊಳ್ಳಲಾರೆ.

ಬೂಷ್ಟಿನ ವಿಷಗಳಲ್ಲಿ ಅಫ್ಲಾಟಾಕ್ಸಿನ್ ಮುಖ್ಯವಾದದ್ದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಕಡಲೆಕಾಯಿ ಹಿಂಡಿಯಿಂದ ಇದು ಪತ್ತೆಯಾಯಿತು. ನ್ಯಾಯವಾಗಿ ಹೇಳಬೇಕೆಂದರೆ ನಮ್ಮಲ್ಲಿಯೂ ಇದು ಹೆಚ್ಚಾಗಿ ಬರುವುದು ಬೂಷ್ಟು ಹಿಡಿದ ಹಿಂಡಿ, ಮುಸುಕಿನ ಜೋಳ, ಹತ್ತಿಕಾಳು ಹಿಂಡಿಯಿಂದ. ಬ್ರೆಡ್ಡು ಇನ್ನೊಂದು ದಾರಿ. ಹಸು ಇದನ್ನು ತಿಂದ ಒಂದು ದಿನದೊಳಗೆ ಅದರ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಬರುತ್ತದೆ. ಕಾಯಿಸಿದರೂ ಪಾಶ್ಚರೀಕರಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಇದಕ್ಕೆ ಇರುವ ಮಿತಿ ಕಿಲೋಗೆ ಅರ್ಧ ಮೈಕ್ರೋಗ್ರಾಂ, ಅಂದರೆ ಎರಡು ಸಾವಿರ ಟನ್ ಹಾಲಿಗೆ ಒಂದು ಗ್ರಾಂ. ಪ್ರಾಧಿಕಾರದ 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳಲ್ಲಿ 368 ಈ ಮಿತಿಯನ್ನು ಮೀರಿದ್ದವು. ಒಬ್ಬರ ಕ್ಯಾನು ಎಲ್ಲರ ಹಾಲಿನೊಂದಿಗೆ ಸೇರುತ್ತದೆ, ಆ ಹಾಲನ್ನು ಕುಡಿಯುವವರಲ್ಲಿ ಎಳೆಯ ಮಕ್ಕಳೇ ಮುಂದು. ಸಮಾಧಾನದ ವಿಷಯವೆಂದರೆ, ಕೆಟ್ಟ ಮೇವು ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ಬಹುಮಟ್ಟಿಗೆ ಶುದ್ಧವಾಗುತ್ತದೆ.

ಹಸು ಮಿತಿಮೀರಿ ತಿಂದುಬಿಟ್ಟರೆ

ಉಳಿದ ಬ್ರೆಡ್ಡು, ಹಿಂಡಿ, ಬೂಸ ಎಲ್ಲವನ್ನೂ ಎತ್ತಿಡಿ. ಒಣ ರಾಗಿ ಹುಲ್ಲು ಮಾತ್ರ ಮುಂದಿಡಿ. ನಡೆಯುವಂತಿದ್ದರೆ ನಿಧಾನವಾಗಿ ನಡೆಸಿ. ಲಕ್ಷಣ ಕಾಣುವವರೆಗೆ ಕಾಯದೆ ಪಶು ವೈದ್ಯರಿಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಎಷ್ಟು ತಿಂದಿದೆ, ಎಷ್ಟು ಹೊತ್ತಾಯಿತು ಎಂಬುದನ್ನು ಸರಿಯಾಗಿ ಹೇಳಿದರೆ ಅರ್ಧ ಕೆಲಸ ಆದಂತೆ. ಬೈಯುತ್ತಾರೆಂದು ಮುಚ್ಚಿಟ್ಟರೆ ನಾವು ಬೇರೆ ಕಾಯಿಲೆಯ ಹಿಂದೆ ಹೋಗುತ್ತೇವೆ. ವೈದ್ಯರು ತಡವಾಗುವುದಾದರೆ 100 ಗ್ರಾಂ ಅಡುಗೆ ಸೋಡವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ, ನಿಂತಿರುವ ಹಸುವಿಗೆ ನಿಧಾನವಾಗಿ ಕುಡಿಸಬಹುದು. ಮಲಗಿರುವ, ತಲೆ ಜೋತುಬಿದ್ದ ಹಸುವಿನ ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಬೂಷ್ಟು ಹಿಡಿದು ಬೇಡವಾದ ಬ್ರೆಡ್ಡನ್ನು ಚೀಲ ತೆಗೆದು ತಿಪ್ಪೆಗುಂಡಿಯ ನಡುವೆ ಹಾಕಿ, ಮೇಲೆ ಒಂದು ಮಂಕರಿ ಸಗಣಿ ಮುಚ್ಚಿ. ಬಯಲಲ್ಲಿ ಎಸೆದರೆ ಕೋಳಿ ಕೆದಕುತ್ತದೆ, ನಾಯಿ ತಿನ್ನುತ್ತದೆ. ಬೂಷ್ಟಿನ ಬ್ರೆಡ್ಡು ತಿಂದ ನಾಯಿ ಮೈಯೆಲ್ಲ ನಡುಗಿ ಬೀಳುವುದೂ ಉಂಟು.