ನಾಟಕದ ಉಡುಪು: ಕಾಲಕ್ಕೂ ಒಪ್ಪಲಿ, ಮೈಗೂ ಒಪ್ಪಲಿ

ಪ್ರಶ್ನೆ: ನಮ್ಮ ವಿದ್ಯಾರ್ಥಿಗಳು ಹಿರಿಯ ಕೆಂಪೇಗೌಡರ ಕುರಿತು ನಾಟಕ ಆಡುತ್ತಿದ್ದಾರೆ. ಬಾಡಿಗೆಗೆ ಸಿಗುವುದೆಲ್ಲ ಪೌರಾಣಿಕ ನಾಟಕದ ಕಿರೀಟ, ಭುಜಕೀರ್ತಿ, ಮಿಂಚುವ ಮಖಮಲ್ ಅಂಗಿ. ಅದನ್ನೇ ತೊಡಿಸಿದರೆ ತಿಳಿದವರು ಆಕ್ಷೇಪಿಸಿಯಾರೆಂಬ ಭಯ. ಆ ಕಾಲದ ಉಡುಪನ್ನು ತಿಳಿಯುವುದು ಹೇಗೆ?
– ಅಧ್ಯಾಪಕಿ, ದೊಡ್ಡಬಳ್ಳಾಪುರ

ಉತ್ತರ: ಉಡುಪು ತಪ್ಪಿದರೆ ಚರಿತ್ರೆಯೇ ತಪ್ಪಾದೀತು ಎಂಬುದು ನಿಮ್ಮ ಚಿಂತೆ. ಇದು ಒಳ್ಳೆಯ ಚಿಂತೆ, ಪರಿಹಾರವೂ ಹತ್ತಿರದಲ್ಲೇ ಇದೆ.

ಕೆಂಪೇಗೌಡರು ತೀರಿಕೊಂಡದ್ದು 1569ರಲ್ಲಿ. ಅವರ ಕಾಲದಲ್ಲೇ, ವಿಜಯನಗರದ ಅಚ್ಯುತರಾಯನ ಆಳ್ವಿಕೆಯಲ್ಲಿ (1529–42), ಹಿಂದೂಪುರದ ಬಳಿಯ ಲೇಪಾಕ್ಷಿಯ ವೀರಭದ್ರ ದೇವಾಲಯದ ಚಿತ್ರಗಳು ಮೂಡಿದವು. ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದೊಯ್ಯಿರಿ. ಗಣ್ಯರು ತೊಟ್ಟ ಕಬಾಯಿ (ಉದ್ದ ತೋಳಿನ ತೆಳು ನಿಲುವಂಗಿ), ಕುಲ್ಲಾಯಿ (ಎತ್ತರದ ಟೋಪಿ), ಹೆಂಗಸರ ಗೀರು ಸೀರೆಗಳು ಚಾವಣಿಯಲ್ಲೇ ಕಾಣುತ್ತವೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ ಕೆಂಪೇಗೌಡರ ಲೋಹದ ಪ್ರತಿಮೆಯೂ ಇದೆ.

ಬಣ್ಣದಲ್ಲೂ ಎಚ್ಚರವಿರಲಿ. ರಾಸಾಯನಿಕ ಬಣ್ಣ ಬಂದದ್ದು 1856ರ ನಂತರ. ಅದಕ್ಕೂ ಮುನ್ನ ನೀಲಿಗಿಡ, ಮಂಜಿಷ್ಠ (ಕೆಂಪು ಬಣ್ಣ ಕೊಡುವ ಬೇರು), ಅರಗುಗಳಿಂದ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ಕಣ್ಣು ಕುಕ್ಕುವ ಗುಲಾಬಿ, ಗಿಳಿಹಸಿರುಗಳನ್ನು ಬಿಟ್ಟರೆ ಅರ್ಧ ಕೆಲಸ ಆದಂತೆ.

ಪ್ರಶ್ನೆ: ನನ್ನದು ಸೈನಿಕನ ಪಾತ್ರ. ಕಚ್ಚೆ ಉಟ್ಟು ಅಭ್ಯಾಸವಿಲ್ಲ. ಕತ್ತಿವರಸೆಯ ನಡುವೆ ಬಿಚ್ಚಿಹೋದರೆ ಎಂದು ನಿದ್ದೆಯೇ ಬರುತ್ತಿಲ್ಲ.
– ವಿದ್ಯಾರ್ಥಿ, ದೇವನಹಳ್ಳಿ

ಉತ್ತರ: ಎಲ್ಲರೆದುರು ಮಾನ ಹೋದೀತೆಂಬ ಈ ಅಂಜಿಕೆ ಅನುಭವಿ ನಟರಿಗೂ ಇರುತ್ತದೆ. ನಾಚಿಕೊಳ್ಳಬೇಡಿ.

ಒಳಗೆ ಪಂಚೆಯದೇ ಬಣ್ಣದ ಚಡ್ಡಿ ಇರಲಿ. ಪಂಚೆಯ ನೆರಿಗೆಗಳನ್ನು ಅಗಲವಾದ ಸೊಂಟಪಟ್ಟಿಗೆ ಹೊಲಿಸಿ, ಪಟ್ಟಿಗೆ ಲಾಡಿ ಹಾಕಿಸಿ. ಹಿಂಗಚ್ಚೆಯನ್ನೂ (ಕಾಲ ನಡುವಿನಿಂದ ಹಿಂದಕ್ಕೆ ಸಿಕ್ಕಿಸುವ ತುದಿ) ಪಟ್ಟಿಗೆ ಹೊಲಿದುಬಿಡಿ. ಮೇಲೆ ನಡುಕಟ್ಟು ಬಿಗಿದರೆ ಹೊಲಿಗೆ ಯಾರಿಗೂ ಕಾಣದು.

ಇಂದಿನಿಂದಲೇ ಹಳೆಯ ಪಂಚೆಯುಟ್ಟು ತಾಲೀಮು ಮಾಡಿ. ಕುಕ್ಕರಗಾಲಲ್ಲಿ ಕೂತು ಏಳಿ, ಮೆಟ್ಟಿಲು ಹತ್ತಿ, ಕತ್ತಿ ಬೀಸಿ. ಎಲ್ಲಿ ಸಡಿಲವಾಗುತ್ತದೋ ಅಲ್ಲಿ ಇನ್ನೊಂದು ಹೊಲಿಗೆ ಹಾಕಿಸಿ. ಕೆಲವೇ ದಿನಗಳಲ್ಲಿ ನಿಮ್ಮ ನಡಿಗೆಯೇ ಬದಲಾಗಿರುತ್ತದೆ, ಭಯವೂ ಇಳಿದಿರುತ್ತದೆ.

ಪ್ರಶ್ನೆ: ಉಡುಪು ಹೊಲಿಯುವ ಹೊಣೆ ನನ್ನದು. ಹಣ ಕಡಿಮೆ, ಕೆಲವರಿಗೆ ಎರಡೆರಡು ಪಾತ್ರ, ಹುಡುಗಿಯರೂ ಗಂಡುಪಾತ್ರ ಮಾಡುತ್ತಿದ್ದಾರೆ. ಅಳತೆ ತಪ್ಪಿ ಬಟ್ಟೆ ಹಾಳಾದರೆ?
– ಗೃಹಿಣಿ, ಹೊಸಕೋಟೆ

ಉತ್ತರ: ಕತ್ತರಿ ಹಾಕಿದ ಮೇಲೆ ಸರಿಪಡಿಸಲಾಗದು ಎಂಬುದು ನಿಮ್ಮ ಆತಂಕ. ಆದರೆ ಆ ಕಾಲದ ಉಡುಪಿನಲ್ಲಿ ಹೊಲಿಗೆಗಿಂತ ಉಡುವುದು, ಸುತ್ತುವುದು, ಕಟ್ಟುವುದೇ ಹೆಚ್ಚು. ಅದು ನಿಮಗೆ ಅನುಕೂಲ.

ಎದೆ, ಸೊಂಟ, ಭುಜ, ತೋಳು, ಎತ್ತರ, ತಲೆಸುತ್ತು ಬರೆದಿಟ್ಟುಕೊಳ್ಳಿ. ಕೈ ಎತ್ತಿ ಆಡಲು ಎದೆಯಳತೆಗೆ ನಾಲ್ಕೈದು ಇಂಚು ಸೇರಿಸಿ. ಪಕ್ಕದ ಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಬಿಡಿ. ಮೊದಲು ಕಚ್ಚಾ ಹೊಲಿಗೆ (ಸುಲಭವಾಗಿ ಬಿಚ್ಚಬಹುದಾದ ಉದ್ದ ಹೊಲಿಗೆ) ಹಾಕಿ, ತೊಡಿಸಿ ನೋಡಿದ ಮೇಲೆ ಮಷೀನಿಗೆ ಕೊಡಿ. ಗುಂಡಿಯ ಬದಲು ಕಸೆ (ಕಟ್ಟುವ ಬಟ್ಟೆಪಟ್ಟಿ) ಇಟ್ಟರೆ ಒಂದೇ ಅಂಗಿ ಹಲವರಿಗೆ ಆಗುತ್ತದೆ.

ಎರಡು ಪಾತ್ರದವರಿಗೆ ಒಳ ಉಡುಪು ಒಂದೇ ಇರಲಿ. ಹೊದಿಕೆ, ನಡುಕಟ್ಟು, ಮೊದಲೇ ಸುತ್ತಿ ಹೊಲಿದಿಟ್ಟ ರುಮಾಲು ಬದಲಾದರೆ ಸಾಕು. ಪಾಲಿಯೆಸ್ಟರ್ ದೀಪದ ಬೆಳಕಿಗೆ ಹೊಳೆಯುತ್ತದೆ, ಸೆಕೆಯೂ ಆಗುತ್ತದೆ, ಹತ್ತಿಯೇ ಒಳಿತು. ಮನೆಮನೆಯ ಹಳೆಯ ಸೀರೆಯ ಅಂಚು, ಸೆರಗುಗಳಿಂದ ಚೆಂದದ ಹೊದಿಕೆಗಳಾಗುತ್ತವೆ.

ಹುಡುಗಿಯರ ಅಳತೆಯನ್ನು ಹೆಂಗಸರೇ, ಪ್ರತ್ಯೇಕ ಕೋಣೆಯಲ್ಲಿ ತೆಗೆದುಕೊಳ್ಳಿ. ಎದೆ ಬಿಗಿದು ಕಟ್ಟಬೇಡಿ, ಉಸಿರೂ ಮಾತೂ ಸಿಕ್ಕಿಕೊಳ್ಳುತ್ತವೆ. ಸಡಿಲ ಕಬಾಯಿ, ಅಗಲ ಹೊದಿಕೆ ಸಾಕು.

ನಾಟಕ ಮುಗಿದ ಮೇಲೆ ಉಡುಪುಗಳನ್ನು ಒಗೆದು, ಅಳತೆಯ ಚೀಟಿ ಹೊಲಿದು, ಒಣ ಬೇವಿನೆಲೆ ಹಾಕಿ ಪೆಟ್ಟಿಗೆಯಲ್ಲಿಡಿ. ಮುಂದಿನ ವರ್ಷದ ಮಕ್ಕಳು ಬಾಡಿಗೆ ಅಂಗಡಿಗೆ ಅಲೆಯದಂತಾಗಲಿ.