ಮೊಣಕಾಲು ಮತ್ತು ಅಪಘಾತ ಶಸ್ತ್ರತಜ್ಞರ ಕಾರ್ಯ: ಪುಣೆಯ ನಿದರ್ಶನದೊಡನೆ ಒಂದು ಪರಿಚಯ

ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ವೈದ್ಯರ ಹೆಸರಿನ ಕೆಳಗೆ ‘ಕನ್ಸಲ್ಟಂಟ್’ ಎಂಬ ಪದವಿರುವುದನ್ನು ಓದುಗರು ಗಮನಿಸಿರಬಹುದು. ಇದನ್ನು ಕನ್ನಡದಲ್ಲಿ ‘ಸಲಹಾತಜ್ಞ’ ಎಂದು ಬರೆಯುವ ರೂಢಿಯಿದೆ. ಪದಕ್ಕೆ ಪದವಿಟ್ಟು ನೋಡಿದರೆ ಇದು ಸರಿಯಾದರೂ ಅರ್ಥವನ್ನು ಪೂರ್ತಿಯಾಗಿ ತಲುಪಿಸುವುದಿಲ್ಲ. ಸಲಹೆ ನೀಡಿ ಎದ್ದುಹೋಗುವವರು ಇವರಲ್ಲ. ರೋಗಿಯ ಚಿಕಿತ್ಸೆಯ ಕಡೆಯ ನಿರ್ಧಾರ ಯಾರದೋ, ಅದರ ಫಲಾಫಲಗಳಿಗೆ ಯಾರು ಹೊಣೆಯೋ ಅವರೇ ಕನ್ಸಲ್ಟಂಟ್. ಮೂಳೆ ಮತ್ತು ಕೀಲುಗಳ ವಿಭಾಗದಲ್ಲಿ, ಅದರಲ್ಲಿಯೂ ಮೊಣಕಾಲು ಹಾಗೂ ಅಪಘಾತದ ಗಾಯಗಳ ಶಸ್ತ್ರಚಿಕಿತ್ಸೆಯಲ್ಲಿ, ಈ ನಿರ್ಧಾರವು ಬಹುಪಾಲು ಕಾಲಕ್ಕೆ ಸಂಬಂಧಿಸಿದ್ದು. ಈ ಗಳಿಗೆಯಲ್ಲಿಯೇ ಕೈಹಾಕಬೇಕೆ, ಹತ್ತು ದಿನ ಕಾಯಬೇಕೆ, ಅಥವಾ ಇನ್ನೂ ಕೆಲವು ವರ್ಷ ಶಸ್ತ್ರವನ್ನೇ ಮುಟ್ಟದಿರಬೇಕೆ ಎಂಬುದನ್ನು ಅರಿಯುವುದೇ ಈ ವೃತ್ತಿಯ ತಿರುಳು.

ಇಂತಹ ವೃತ್ತಿಯ ಪರಿಚಯಕ್ಕೆ ಪುಣೆ ನಗರವು ಸೂಕ್ತ ನಿದರ್ಶನ. ಡೇವಿಡ್ ಸಸೂನ್ ಅವರ ದಾನದಿಂದ ನಿರ್ಮಾಣಗೊಂಡ ಸಸೂನ್ ಆಸ್ಪತ್ರೆ ಅಲ್ಲಿ 1867ರಿಂದಲೂ ಇದೆ. 1946ರಲ್ಲಿ ಸ್ಥಾಪಿತವಾದ ಬಿ. ಜೆ. ವೈದ್ಯಕೀಯ ಕಾಲೇಜು ಇದಕ್ಕೆ ಹೊಂದಿಕೊಂಡಿದೆ. ಎರಡನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಯೋಧರಿಗಾಗಿ 1944ರಲ್ಲಿ ಆರಂಭಿಸಲಾದ ಕೃತಕ ಅಂಗ ಕೇಂದ್ರವೂ ಇದೇ ನಗರದಲ್ಲಿದೆ. ಡಾ. ಕೆ. ಎಚ್. ಸಂಚೇತಿಯವರು 1965ರಲ್ಲಿ ಆರಂಭಿಸಿದ ಸಂಸ್ಥೆಯು ಮುಂದೆ ಶಿವಾಜಿನಗರದ ಪ್ರಸಿದ್ಧ ಮೂಳೆ ಆಸ್ಪತ್ರೆಯಾಗಿ ಬೆಳೆಯಿತು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಅನೇಕ ಕುಟುಂಬಗಳಿಗೆ ಮಿರಜ್ ಮತ್ತು ಸೊಲ್ಲಾಪುರದಂತೆಯೇ ಪುಣೆಯೂ ಪರಊರೆನಿಸುವುದಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿಗಳನ್ನು ಹಾದು ಪುಣೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯೇ ರೋಗಿಗಳನ್ನು ಅಲ್ಲಿಗೆ ಕರೆದೊಯ್ಯುವ ದಾರಿ. ಅಪಘಾತಗಳು ನಡೆಯುವುದೂ ಅದೇ ದಾರಿಯಲ್ಲಿ.

ಈ ಹುದ್ದೆಗೆ ಬರುವ ಹಾದಿ ದೀರ್ಘವಾದುದು. ತರಬೇತಿ ವರ್ಷವೂ ಸೇರಿ ಎಂ.ಬಿ.ಬಿ.ಎಸ್. ವ್ಯಾಸಂಗಕ್ಕೆ ಐದೂವರೆ ವರ್ಷ, ಮೂಳೆ ಶಸ್ತ್ರವಿಜ್ಞಾನದ ಎಂ.ಎಸ್. ಪದವಿಗೆ ಮೂರು ವರ್ಷ, ಬಳಿಕ ಹಿರಿಯರ ಕೈಕೆಳಗೆ ಮೊಣಕಾಲಿಗೋ ಅಪಘಾತ ಚಿಕಿತ್ಸೆಗೋ ಮೀಸಲಾದ ವಿಶೇಷ ತರಬೇತಿ. ಹೀಗೆ ಸಿದ್ಧರಾದವರ ದಿನವು ಸಾಮಾನ್ಯವಾಗಿ ಹಿಂದಿನ ರಾತ್ರಿ ದಾಖಲಾದವರ ಎಕ್ಸ್-ರೇ ಚಿತ್ರಗಳ ಪರಿಶೀಲನೆಯಿಂದ ಆರಂಭವಾಗುತ್ತದೆ. ರಾತ್ರಿ ಪಾಳಿಯ ಕಿರಿಯ ವೈದ್ಯರು ಒಬ್ಬೊಬ್ಬ ರೋಗಿಯ ಸ್ಥಿತಿಯನ್ನು ವಿವರಿಸುತ್ತಾರೆ. ಯಾರನ್ನು ಮೊದಲು ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ಯಬೇಕೆಂಬುದು ಅಲ್ಲಿ ತೀರ್ಮಾನವಾಗುತ್ತದೆ.

ಗಂಟೆಗಳ ಲೆಕ್ಕ

ಅಪಘಾತದ ರೋಗಿ ಬಂದಾಗ ಎಲ್ಲರ ಕಣ್ಣೂ ಮುರಿದ ಕಾಲಿನ ಮೇಲೆ ಬೀಳುವುದು ಸಹಜ. ಆದರೆ ನುರಿತ ವೈದ್ಯರು ಮೊದಲು ನೋಡುವುದು ಅದನ್ನಲ್ಲ. ಶ್ವಾಸಮಾರ್ಗ ತೆರೆದಿದೆಯೇ, ಉಸಿರಾಟ ಸರಿಯಿದೆಯೇ, ರಕ್ತ ಎಲ್ಲಿಂದಾದರೂ ಸೋರುತ್ತಿದೆಯೇ ಎಂಬ ಕ್ರಮದಲ್ಲಿ ಪರೀಕ್ಷೆ ಸಾಗುತ್ತದೆ. ಈ ಕ್ರಮವು ಜಗತ್ತಿನಾದ್ಯಂತ ರೂಢಿಗೆ ಬರಲು ಒಬ್ಬ ಮೂಳೆತಜ್ಞರ ದುರಂತವೇ ಕಾರಣವಾಯಿತು. ಅಮೆರಿಕದ ಡಾ. ಜೇಮ್ಸ್ ಸ್ಟೈನರ್ ಅವರು ನಡೆಸುತ್ತಿದ್ದ ಚಿಕ್ಕ ವಿಮಾನವು 1976ರಲ್ಲಿ ನೆಬ್ರಾಸ್ಕಾ ಪ್ರಾಂತ್ಯದ ಹೊಲವೊಂದರಲ್ಲಿ ಬಿದ್ದು ಅವರ ಪತ್ನಿ ಅಸುನೀಗಿದರು, ಮಕ್ಕಳು ತೀವ್ರವಾಗಿ ಗಾಯಗೊಂಡರು. ಅಲ್ಲಿ ದೊರೆತ ಚಿಕಿತ್ಸೆಯ ಅವ್ಯವಸ್ಥೆಯನ್ನು ಕಣ್ಣಾರೆ ಕಂಡ ಅವರು ತಮ್ಮ ಸಹೋದ್ಯೋಗಿಗಳೊಡನೆ 1978ರಲ್ಲಿ ರೂಪಿಸಿದ ತರಬೇತಿಯನ್ನು 1980ರಲ್ಲಿ ಅಮೆರಿಕದ ಶಸ್ತ್ರವೈದ್ಯರ ಸಂಘವು ಅಂಗೀಕರಿಸಿತು. ಇಂದು ಭಾರತದ ವೈದ್ಯರೂ ಅದನ್ನು ಕಲಿಯುತ್ತಾರೆ. ತೊಡೆಯ ಮೂಳೆಯೊಂದು ಮುರಿದರೆ ಹೊರಗೆ ಒಂದು ಹನಿಯೂ ಕಾಣದಂತೆ ಒಂದು ಲೀಟರಿಗೂ ಹೆಚ್ಚು ರಕ್ತ ತೊಡೆಯೊಳಗೆ ಸೇರಬಲ್ಲುದು ಎಂಬುದನ್ನು ನೆನೆದರೆ ಈ ಕ್ರಮದ ಮಹತ್ವ ತಿಳಿಯುತ್ತದೆ.

ಅನಂತರ ತಜ್ಞರ ಬೆರಳು ಪಾದದ ನಾಡಿಯನ್ನು ಹುಡುಕುತ್ತದೆ. ಮಂಡಿಯ ಹಿಂಭಾಗದಲ್ಲಿ, ಮೂಳೆಗೆ ತೀರ ಸಮೀಪದಲ್ಲಿ, ಕಾಲಿಗೆ ರಕ್ತವನ್ನೊಯ್ಯುವ ಮುಖ್ಯ ಅಪಧಮನಿ ಇದೆ. ಮಂಡಿಯ ಕೀಲು ಪೂರ್ಣವಾಗಿ ಜಾರಿದಾಗ ಈ ರಕ್ತನಾಳ ಎಳೆದು ಹರಿಯುವ ಸಂಭವ ಉಂಟು. ರಕ್ತಸಂಚಾರ ನಿಂತು ಆರರಿಂದ ಎಂಟು ಗಂಟೆ ಕಳೆದರೆ ಕಾಲನ್ನು ಉಳಿಸುವ ಆಶೆ ವೇಗವಾಗಿ ಕುಗ್ಗುತ್ತದೆ. ಕೀಲು ತಾನಾಗಿಯೇ ಸ್ವಸ್ಥಾನಕ್ಕೆ ಮರಳಿ ಎಕ್ಸ್-ರೇಯಲ್ಲಿ ಏನೂ ಕಾಣದಿರುವುದೂ ಉಂಟು. ಹೀಗಾಗಿ ಚಿತ್ರವನ್ನಷ್ಟೇ ನಂಬದೆ ಮತ್ತೆ ಮತ್ತೆ ನಾಡಿ ಹಿಡಿದು ನೋಡಬೇಕಾಗುತ್ತದೆ.

ಮತ್ತೊಂದು ಅಪಾಯ ಇದಕ್ಕಿಂತಲೂ ಗೂಢವಾದುದು. ಮಂಡಿಯ ಕೆಳಗಿನ ಸ್ನಾಯುಗಳು ಹಿಗ್ಗದಂತಹ ಪೊರೆಗಳ ಚೀಲಗಳೊಳಗೆ ಇವೆ. ಒಳಗೆ ಊತವೇರಿದಾಗ ಒತ್ತಡ ಹೆಚ್ಚಿ ಸ್ನಾಯುಗಳಿಗೆ ರಕ್ತ ದೊರೆಯದಂತಾಗುತ್ತದೆ. ಗಾಯದ ಪ್ರಮಾಣವನ್ನು ಮೀರಿದ ನೋವು, ಕಾಲ್ಬೆರಳನ್ನು ಮೆಲ್ಲನೆ ಬಗ್ಗಿಸಿದರೂ ಚೀರುವಂತಹ ಯಾತನೆ ಇದರ ಮೊದಲ ಲಕ್ಷಣ. ಆಗ ಚರ್ಮ ಮತ್ತು ಪೊರೆಗಳನ್ನು ಉದ್ದಕ್ಕೆ ಸೀಳಿ ಒತ್ತಡವನ್ನು ತಗ್ಗಿಸುವುದೊಂದೇ ಉಪಾಯ, ಬೆಳಗಾಗಲೆಂದು ಕಾಯುವಂತಿಲ್ಲ. ನಮ್ಮಲ್ಲಿ ಮೂಳೆ ಮುರಿದೊಡನೆ ಬಿದಿರು ದಬ್ಬೆಗಳನ್ನಿಟ್ಟು ಬಿಗಿಯಾಗಿ ಕಟ್ಟಿಸುವ ಪದ್ಧತಿ ಇನ್ನೂ ಇದೆ. ಪುತ್ತೂರು ಕಟ್ಟಿನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಸರಳವಾದ ಮುರಿತಗಳು ಹಾಗೆಯೂ ಕೂಡಿಕೊಳ್ಳುವುದುಂಟು. ಆದರೆ ಊತವೇರುತ್ತಿರುವ ಕಾಲಿಗೆ ಹಾಕಿದ ಬಿಗಿ ಕಟ್ಟು ಈ ಒತ್ತಡವನ್ನು ಇಮ್ಮಡಿಗೊಳಿಸುತ್ತದೆ. ಬೆರಳುಗಳು ತಣ್ಣಗಾದರೆ, ಬಣ್ಣಗೆಟ್ಟರೆ, ಜೋಮು ಹಿಡಿದರೆ ಕಟ್ಟನ್ನು ಕೂಡಲೇ ಬಿಚ್ಚಿ ಆಸ್ಪತ್ರೆಗೆ ಧಾವಿಸಬೇಕು.

ಮೂಳೆ ಚರ್ಮವನ್ನು ಸೀಳಿ ಹೊರಬಂದಿದ್ದರೆ ಗಾಯದ ಮೇಲೆ ಅರಿಶಿನವನ್ನಾಗಲಿ ಕಾಫಿಪುಡಿಯನ್ನಾಗಲಿ ಹಾಕಬಾರದು. ಶುಚಿಯಾದ ಬಟ್ಟೆಯಿಂದ ಮುಚ್ಚಿ, ಕಾಲು ಅಲುಗದಂತೆ ಆಧಾರ ನೀಡಿ, 108 ಸಂಖ್ಯೆಗೆ ಕರೆ ಮಾಡಬೇಕು. ಸೋಂಕು ತಡೆಯುವ ಔಷಧಿಯ ಮೊದಲ ಪ್ರಮಾಣ ಒಂದು ಗಂಟೆಯೊಳಗೆ ರೋಗಿಗೆ ಸೇರುವುದು ಅಪೇಕ್ಷಣೀಯ. ಪೊಲೀಸು, ಕೋರ್ಟುಗಳ ಭಯದಿಂದ ದಾರಿಹೋಕರು ಹಿಂಜರಿಯುವ ಕಾರಣವೂ ಈಗ ಇಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ನೀಡಿದೆ. ಹೆಸರು ಹೇಳುವಂತೆ ಅವರನ್ನು ಬಲವಂತಪಡಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಯೋಜನೆಯ ಮೇರೆಗೆ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ನಗದು ಪಾವತಿಯಿಲ್ಲದ ಚಿಕಿತ್ಸೆಗೆ ಅವಕಾಶವಿದೆ.

ದಿನಗಳ ಲೆಕ್ಕ

ಇಷ್ಟೊಂದು ಆತುರದ ನಡುವೆ, ಕಾಯಬೇಕಾದ ಸಂದರ್ಭಗಳೂ ಇವೆ. ದ್ವಿಚಕ್ರ ವಾಹನದಿಂದ ಬಿದ್ದವರಲ್ಲಿ ಮಂಡಿಯ ಕೆಳಮೂಳೆಯ ಮೇಲ್ತುದಿ, ಅಂದರೆ ಕೀಲಿನ ನೆಲಗಟ್ಟೇ, ಒಡೆದುಹೋಗುವುದು ಸಾಮಾನ್ಯ. ಇದನ್ನು ಲೋಹದ ಪಟ್ಟಿ ಮತ್ತು ತಿರುಪುಗಳಿಂದ ಸಮನಾಗಿ ಕೂಡಿಸದಿದ್ದರೆ ಮುಂದೆ ಸಂಧಿವಾತ ಕಾಡುವ ಸಂಭವ ಹೆಚ್ಚು. ಆದರೆ ಊದಿಕೊಂಡು ಹೊಳೆಯುತ್ತಿರುವ ಚರ್ಮವನ್ನು ಕೊಯ್ದರೆ ಗಾಯ ಮಾಯದೆ ಸೋಂಕು ಮೂಳೆಗೆ ಇಳಿಯುತ್ತದೆ. ಆದುದರಿಂದ ಹೊರಗಿನಿಂದ ಸರಳುಗಳ ಚೌಕಟ್ಟನ್ನು ಜೋಡಿಸಿ ಕಾಲನ್ನು ಸ್ಥಿರಗೊಳಿಸಿ, ಚರ್ಮದ ಮೇಲೆ ಮತ್ತೆ ಸುಕ್ಕುಗಳು ಮೂಡುವವರೆಗೆ ಒಂದೆರಡು ವಾರ ಕಾಯುತ್ತಾರೆ. ‘ಎಂಟು ದಿನವಾದರೂ ಆಪರೇಷನ್ ಮಾಡಲಿಲ್ಲ’ ಎಂದು ನೊಂದುಕೊಳ್ಳುವ ಬಂಧುಗಳಿಗೆ ಇದನ್ನು ಅವರ ಭಾಷೆಯಲ್ಲಿ ತಿಳಿಯಹೇಳುವುದೂ ಕನ್ಸಲ್ಟಂಟರ ಕರ್ತವ್ಯವೇ. ಪುಣೆಯಂತಹ ನಗರದಲ್ಲಿ ವಿವರಣೆ ಮರಾಠಿಯಲ್ಲಿ ದೊರೆತು, ಕೇಳುವವರು ಇಂಡಿ ತಾಲ್ಲೂಕಿನ ಕನ್ನಡಿಗರಾಗಿದ್ದರೆ ಅರ್ಧ ಮಾತು ನಡುವೆಯೇ ಉಳಿದುಹೋಗುತ್ತದೆ. ಅರ್ಥವಾಗದ ಸಮ್ಮತಿಪತ್ರಕ್ಕೆ ಸಹಿ ಹಾಕುವ ಮುನ್ನ ಮತ್ತೊಮ್ಮೆ ಕೇಳುವ ಹಕ್ಕು ರೋಗಿಗೆ ಇದ್ದೇ ಇದೆ.

ಎಲ್ಲಕ್ಕಿಂತ ಕಠಿಣವಾದುದು ಕಾಲನ್ನು ತೆಗೆಯುವ ನಿರ್ಧಾರ. ಜಜ್ಜಿಹೋದ, ನರಗಳು ಹರಿದ ಕಾಲನ್ನು ಹತ್ತಾರು ಶಸ್ತ್ರಚಿಕಿತ್ಸೆಗಳಿಂದ ಉಳಿಸಿದರೂ ಅದು ನಡೆಯಲು ಬಾರದೆ ಹೋಗಬಹುದು. ಅಂತಹ ಸಂದರ್ಭದಲ್ಲಿ ಒಬ್ಬರೇ ತೀರ್ಮಾನಿಸದೆ ಮತ್ತೊಬ್ಬ ಹಿರಿಯರ ಅಭಿಪ್ರಾಯವನ್ನೂ ಪಡೆಯುವುದು ಒಳ್ಳೆಯ ಪದ್ಧತಿ. ಮಂಡಿಯ ಕೀಲನ್ನು ಉಳಿಸಿಕೊಂಡು ಅದರ ಕೆಳಗೆ ಛೇದಿಸಿದರೆ ಕೃತಕ ಕಾಲಿನಲ್ಲಿ ನಡೆಯುವ ಶ್ರಮ ಬಹಳಷ್ಟು ಕಡಿಮೆಯಾಗುವುದರಿಂದ, ಆ ನಾಲ್ಕು ಬೆರಳಿನ ಅಂತರಕ್ಕಾಗಿಯೂ ತಜ್ಞರು ಹೋರಾಡುತ್ತಾರೆ.

ವರ್ಷಗಳ ಲೆಕ್ಕ

ಅದೇ ತಜ್ಞರ ಹೊರರೋಗಿ ವಿಭಾಗದಲ್ಲಿ ಕಾಣುವ ಜನ ಬೇರೆ. ಮೃದ್ವಸ್ಥಿ ಸವೆದು, ಕಾಲು ಬಿಲ್ಲಿನಂತೆ ಬಾಗಿ, ಗೋಡೆ ಹಿಡಿದು ನಡೆಯುವ ಹಿರಿಯರು ಇವರು. ಇಲ್ಲಿ ಅವಸರವಿಲ್ಲ. ತೂಕ ಇಳಿಸುವುದು, ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಊರುಗೋಲು, ಮಿತವಾದ ಔಷಧಿ ಇವುಗಳಿಂದ ಅನೇಕರು ವರ್ಷಗಟ್ಟಲೆ ತಕ್ಕಮಟ್ಟಿಗೆ ಸುಖವಾಗಿರಬಲ್ಲರು. ಎಕ್ಸ್-ರೇ ಎಷ್ಟು ಕೆಟ್ಟಿದೆ ಎಂಬುದಕ್ಕಿಂತ ರಾತ್ರಿ ನಿದ್ದೆ ಬರುತ್ತಿದೆಯೇ, ಎಷ್ಟು ದೂರ ನಡೆಯಬಲ್ಲರು ಎಂಬ ಪ್ರಶ್ನೆಗಳೇ ಮುಖ್ಯ. ಕೃತಕ ಕೀಲುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಇಪ್ಪತ್ತೈದು ವರ್ಷ ಬಾಳುತ್ತವೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಎಪ್ಪತ್ತರ ವಯಸ್ಸಿನವರಿಗೆ ಇದು ಧಾರಾಳ. ಐವತ್ತರವರಿಗೆ ಮರುಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ಮೊದಲೇ ತಿಳಿಸಬೇಕಾಗುತ್ತದೆ.

ಕೃತಕ ಮಂಡಿಯ ಪ್ರಯತ್ನ ಹಳೆಯದು. ಬರ್ಲಿನ್ ನಗರದ ಥೆಮಿಸ್ಟೊಕ್ಲಿಸ್ ಗ್ಲುಕ್ 1890ರಲ್ಲಿ ದಂತದ ಕೀಲನ್ನು ಕೂಡಿಸಿದ್ದರು. ಸೋಂಕಿನಿಂದ ಅದು ನಿಲ್ಲಲಿಲ್ಲ. ಇಂದಿನ ಮಾದರಿಗಳ ಮೂಲ 1970ರ ದಶಕದ್ದು. ಆದರೆ ಅವುಗಳನ್ನು ರೂಪಿಸಿದವರು ಕುರ್ಚಿಯಲ್ಲಿ ಕೂರುವ ಜನ. ಸಮನೆಲದ ನಡಿಗೆಗೆ ಮಂಡಿ ಅರುವತ್ತು ಎಪ್ಪತ್ತು ಅಂಶಗಳಷ್ಟು ಬಾಗಿದರೆ ಸಾಕು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲು, ಕುಕ್ಕುರುಗಾಲಿನಲ್ಲಿ ಕೂರಲು ನೂರಿಪ್ಪತ್ತಕ್ಕೂ ಹೆಚ್ಚು ಬೇಕು. ಭಾರತೀಯರ ಮೂಳೆಯ ಗಾತ್ರವೂ ಚಿಕ್ಕದು. ಇವೆರಡನ್ನೂ ಗಮನದಲ್ಲಿರಿಸಿ ಡಾ. ಸಂಚೇತಿಯವರು ಪುಣೆಯಲ್ಲಿ ರೂಪಿಸಿದ ‘ಇಂಡಸ್’ ಮಂಡಿಯು ದೇಶೀಯ ವಿನ್ಯಾಸದ ಮೊದಲ ಕೃತಕ ಮಂಡಿಯೆಂದು ಹೆಸರಾಯಿತು. ಅವರಿಗೆ 1991ರಲ್ಲಿ ಪದ್ಮಶ್ರೀ, 2003ರಲ್ಲಿ ಪದ್ಮಭೂಷಣ, 2012ರಲ್ಲಿ ಪದ್ಮವಿಭೂಷಣ ಸಂದವು.

ಬೆಲೆಯ ಮಾತೂ ಇದೆ. 2017ರ ಆಗಸ್ಟ್ 16ರಂದು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಕೃತಕ ಮಂಡಿಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಸರಾಸರಿ 1,58,324 ರೂಪಾಯಿಗಳಿದ್ದ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಬೆಲೆ ತೆರಿಗೆಯ ಹೊರತು 54,720 ರೂಪಾಯಿಗಳಿಗೆ ಇಳಿಯಿತು. ಶಸ್ತ್ರಚಿಕಿತ್ಸೆಯ ಬಿಲ್ಲಿನಲ್ಲಿ ಕೀಲಿನ ತಯಾರಕರ ಹೆಸರು, ಬೆಲೆಗಳನ್ನು ಪ್ರತ್ಯೇಕವಾಗಿ ನಮೂದಿಸುವಂತೆ ರೋಗಿಗಳು ಕೇಳಿ ಪಡೆಯಬೇಕು.

ಶಸ್ತ್ರಚಿಕಿತ್ಸೆಯ ಮರುದಿನವೇ, ಹಲವೆಡೆ ಅದೇ ದಿನ ಸಂಜೆ, ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಮುಂದಿನ ಆರು ವಾರಗಳ ಕೆಲಸ ಭೌತಚಿಕಿತ್ಸಕರದು ಮತ್ತು ಮನೆಯವರದು. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸುವುದು ಕರುಣೆಯಂತೆ ಕಂಡರೂ ಅದರಿಂದ ಕಾಲು ಬಾಗಿದಂತೆಯೇ ಸೆಟೆಯುತ್ತದೆ. ದಿಂಬನ್ನು ಹಿಮ್ಮಡಿಯ ಕೆಳಗಿಡಬೇಕು.